ಡೇ ಸ್ಕಾಲರ್ ಅಂತ ಟಿಕ್ ಹಾಕಿದ ಹುಡುಗ

ಪ್ರತಿ ಸೆಮ್ ಶುರುವಾದಾಗ ನಮ್ಮ ಕೈಗೆ ಒಂದು ಮೆಂಟರ್ ಫಾರ್ಮ್ ಬರುತ್ತೆ. ಹೆಸರು, ಯುಎಸ್‌ಎನ್, ರಕ್ತದ ಗುಂಪು, ತಂದೆಯ ಮೊಬೈಲ್ ನಂಬರ್, ಹವ್ಯಾಸ (ಎಲ್ಲರೂ ಬರೆಯೋದು ಕ್ರಿಕೆಟ್ ಮತ್ತು ಮ್ಯೂಸಿಕ್). ಇದರ ಮಧ್ಯೆ ಎರಡು ಚೌಕ ಇರುತ್ತೆ: ಹಾಸ್ಟೆಲರ್, ಡೇ ಸ್ಕಾಲರ್. ಎರಡನೇ ಸೆಮ್‌ನಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗ ಡೇ ಸ್ಕಾಲರ್‌ಗೆ ಟಿಕ್ ಹಾಕಿದ. ಸುಳ್ಳೇನಲ್ಲ, ದಿನಾ ಕಾಲೇಜಿಗೆ ಬರ್ತಿದ್ದ. ಎಲ್ಲಿಂದ ಬರ್ತಿದ್ದ ಅಂತ ಫಾರ್ಮ್ ಕೇಳಲಿಲ್ಲ. ಬರ್ತಿದ್ದದ್ದು ನಮ್ಮ ಪಿಜಿ ರೂಮಿನ ನೆಲದ ಮೇಲಿಂದ.

ಅವನು ಕುಣಿಗಲ್ ಕಡೆ ಹಳ್ಳಿಯವನು. ಮನೇಲಿ ಏನೋ ಆಯ್ತು, ಒಂದು ಬ್ಯಾಗ್ ತಗೊಂಡು ಬಂದುಬಿಟ್ಟ. ಏನಾಯ್ತು ಅನ್ನೋದು ಅವನ ವಿಷಯ, ಇಲ್ಲಿ ಬರೆಯಲ್ಲ. ನಮ್ಮದು ಮೂರು ಜನರ ರೂಮು. ಮೊದಲನೇ ವಾರ ಮಜಾ ಇತ್ತು, ರಾತ್ರಿ ಹನ್ನೆರಡಕ್ಕೆ ಮ್ಯಾಗಿ, ಹರಟೆ. ಎರಡನೇ ವಾರ ಬಕೆಟ್ ಯಾರದು, ಚಾರ್ಜಿಂಗ್ ಪಾಯಿಂಟ್ ಯಾರದು ಅಂತ ಸಣ್ಣ ಸಣ್ಣ ಕಿರಿಕಿರಿ ಶುರು. ಮೂರನೇ ವಾರ ಪಿಜಿ ಆಂಟಿ ನೋಡಿಬಿಟ್ರು. "ನೋಡ್ರಪ್ಪಾ, ಗೆಸ್ಟ್ ಅಂದ್ರೆ ಎರಡು ದಿನ. ಇನ್ಮೇಲೆ ದಿನದ ಲೆಕ್ಕದಲ್ಲಿ ದುಡ್ಡು ಕೊಡಿ" ಅಂದ್ರು. ಅವರದ್ದೂ ತಪ್ಪಿಲ್ಲ, ನೀರು ಕರೆಂಟು ಅವರೇ ಕಟ್ಟಬೇಕು. ನಾವು ಮೂವರೂ ಕೂತು ಮಾತಾಡಿದ್ವಿ. ಕೊನೆಗೆ ಹೇಳಿದ್ದು ನಾನೇ. "ಮಗಾ, ಬೇರೆ ಎಲ್ಲಾದ್ರೂ ನೋಡ್ಕೊಳ್ಳೋ" ಅಂದೆ. "ಸರಿ ಬಿಡೋ, ಏನಿಲ್ಲ" ಅಂದ. ಬೆಡ್‌ಶೀಟ್ ಮಡಚಿ ನನ್ನ ಮಂಚದ ಮೇಲೆ ಇಟ್ಟು ಹೋದ. ಅದು ನನ್ನದೇ ಬೆಡ್‌ಶೀಟು.

ಆಮೇಲೆ ಗೊತ್ತಾಗಿದ್ದು: ಒಂದು ವಾರ ಗುಬ್ಬಿಯಲ್ಲಿ ದೂರದ ನೆಂಟರ ಮನೆ, ಎರಡು ರಾತ್ರಿ ಬಸ್ ಸ್ಟ್ಯಾಂಡು, ಆಮೇಲೆ ಇನ್ನೊಬ್ಬರ ರೂಮು. ಗುಬ್ಬಿಯಿಂದ ಬೆಳಗಿನ ಕ್ಲಾಸು ತಪ್ಪುತ್ತಿತ್ತು. ವಿಟಿಯು ಶೇ 85 ಹಾಜರಿ ಕೇಳುತ್ತೆ, ಎಷ್ಟು ರಿಯಾಯ್ತಿ ಕೊಟ್ಟರೂ 75ಕ್ಕಿಂತ ಕೆಳಗೆ ಇಳಿಯೋ ಹಾಗಿಲ್ಲ. ಶಾರ್ಟೇಜ್ ಆಯ್ತು, ಆ ಮೆಸೇಜು ಫಾರ್ಮ್‌ನಲ್ಲಿದ್ದ ನಂಬರಿಗೆ, ಅಂದ್ರೆ ಅವನಪ್ಪನ ಫೋನಿಗೆ ಹೋಯ್ತು. ಅಲ್ಲಿಗೆ ಅವನ ಇಂಜಿನಿಯರಿಂಗ್ ಮುಗೀತು. ಈಗ ನೆಲಮಂಗಲದ ಹತ್ತಿರ ಒಂದು ಗೋಡೌನಲ್ಲಿ ಶಿಫ್ಟ್ ಕೆಲಸ ಮಾಡ್ತಾನೆ. ಹೋದ ತಿಂಗಳು ಸಿಕ್ಕಿದ್ದ. ಬರೀಲಾ ಅಂತ ಕೇಳಿದೆ. "ಹೆಸರು ಹಾಕ್ಬೇಡ, ಬಾಕಿ ಬರ್ಕೋ" ಅಂದ.

ಈ ಇಡೀ ಕಥೆಯಲ್ಲಿ ನಾನು ಒಂದು ಸಲಾನೂ ಅವನನ್ನ 'ಮನೆ ಇಲ್ಲದವನು' ಅಂತ ಅಂದುಕೊಂಡಿರಲಿಲ್ಲ. ಮನೆ ಇಲ್ಲದವರು ಅಂದ್ರೆ ನನ್ನ ತಲೆಯಲ್ಲಿ ಬರ್ತಿದ್ದದ್ದು ಫ್ಲೈಓವರ್ ಕೆಳಗೆ ಕಂಬಳಿ ಹೊದ್ದ ಅಜ್ಜ. ನಮ್ಮ ಸರ್ಕಾರದ ತಲೆಯಲ್ಲೂ ಹೆಚ್ಚೂಕಮ್ಮಿ ಅದೇ ಚಿತ್ರ ಇದೆ. ಜನಗಣತಿಯಲ್ಲಿ ವಸತಿರಹಿತರು ಅಂದ್ರೆ ರಸ್ತೆ ಬದಿ, ಫುಟ್‌ಪಾತು, ದೊಡ್ಡ ಪೈಪು, ಮೇಲ್ಸೇತುವೆ ಕೆಳಗೆ, ರೈಲ್ವೆ ಪ್ಲಾಟ್‌ಫಾರಂ, ದೇವಸ್ಥಾನದ ಬಯಲು, ಇಂಥ ಕಡೆ ಇರೋರು. 2011ರ ಫೆಬ್ರವರಿ 28ರ ರಾತ್ರಿ ಅವರನ್ನ ಎಣಿಸಿದ್ರು. ದೇಶದಲ್ಲಿ ಸಿಕ್ಕಿದ್ದು 17.7 ಲಕ್ಷ ಜನ. ಪಿಜಿ ರೂಮಿನ ನೆಲದ ಮೇಲೆ ಮಲಗಿದ ಹುಡುಗ ಆ ಲೆಕ್ಕಕ್ಕೆ ಬರೋದೇ ಇಲ್ಲ. ಅವನ ತಲೆ ಮೇಲೆ ಸೂರು ಇದೆಯಲ್ಲ! ಕೆನಡಾದಲ್ಲಿ ಇಂಥವರನ್ನೂ ಮನೆ ಇಲ್ಲದವರ ಪಟ್ಟಿಗೆ ಸೇರಿಸ್ತಾರೆ. ಸ್ನೇಹಿತರ ಮನೆಯ ಸೋಫಾದಿಂದ ಸೋಫಾಕ್ಕೆ ಹೋಗೋದಕ್ಕೆ ಅಲ್ಲಿ ಕೌಚ್ ಸರ್ಫಿಂಗ್ ಅಂತ ಹೆಸರಿದೆ. ನಮ್ಮ ರೂಮುಗಳಲ್ಲಿ ಸೋಫಾ ಎಲ್ಲಿಂದ ಬರಬೇಕು, ನಮ್ಮದು ಫ್ಲೋರ್ ಸರ್ಫಿಂಗ್.

ಗುಬ್ಬಿ, ಕುಣಿಗಲ್ ಥರದ ಊರಲ್ಲಿ ಹೋಗಿ "ಇಲ್ಲಿ ಮನೆ ಇಲ್ಲದ ಯುವಕರು ಎಷ್ಟು ಜನ?" ಅಂತ ಕೇಳಿ ನೋಡಿ. ಯಾರೂ ಇಲ್ಲ ಅಂತಾರೆ. ನಿಜವೇ. ಅಲ್ಲಿ ಬಸ್ ಸ್ಟ್ಯಾಂಡಲ್ಲಿ ಅರ್ಧ ಗಂಟೆ ಕೂತರೆ ಯಾರಾದರೂ ಒಬ್ಬರು "ನೀನು ಇಂಥವರ ಮಗ ಅಲ್ವೇನೋ?" ಅಂತ ಬರ್ತಾರೆ. ಮನೆ ಬಿಟ್ಟವನು ಆ ಊರಲ್ಲಿ ಇರೋಕೆ ಆಗಲ್ಲ. ಬಸ್ ಹತ್ತಿ ತುಮಕೂರಿಗೆ ಬರ್ತಾನೆ, ತುಮಕೂರಲ್ಲೂ ಪರಿಚಯದವರು ಸಿಕ್ತಾರೆ ಅಂದ್ರೆ 70 ಕಿಲೋಮೀಟರ್ ಮುಂದೆ ಬೆಂಗಳೂರಿಗೆ ಹೋಗ್ತಾನೆ. ಹುಡುಗಿಯಾದ್ರೆ ಇದಕ್ಕಿಂತ ಕಷ್ಟ, ಅವಳು ಬಸ್ ಸ್ಟ್ಯಾಂಡಲ್ಲಿ ಕೂತಿರೋಕೇ ಆಗಲ್ಲ, ಯಾರದೋ ಮನೆಗೆ ಯಾವ ಷರತ್ತಿಗಾದ್ರೂ ಒಪ್ಪಿ ಹೋಗಬೇಕು. ಸಮಸ್ಯೆ ಹುಟ್ಟಿದ್ದು ಕುಣಿಗಲ್ಲಲ್ಲಿ, ಎಣಿಕೆ ಆಗೋದು (ಆದ್ರೆ) ಬೆಂಗಳೂರಲ್ಲಿ. ನಗರ ವಸತಿರಹಿತರ ಆಶ್ರಯ ಯೋಜನೆಯ ನಿಯಮ ಕೂಡ ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ಕೇಂದ್ರ ಅನ್ನುತ್ತೆ. 2011ರ ಲೆಕ್ಕದಲ್ಲಿ ತುಮಕೂರು ನಗರಕ್ಕೆ ಮೂರು ಬರುತ್ತೆ. ಗುಬ್ಬಿ, ಕುಣಿಗಲ್ ಎರಡೂ ಸೇರಿಸಿದ್ರೂ ಒಂದು ಲಕ್ಷ ಆಗಲ್ಲ. ಅದಿರಲಿ, ಹತ್ತೊಂಬತ್ತು ವರ್ಷದ ಹುಡುಗ ಕಾಲೇಜ್ ಬ್ಯಾಗ್ ಹಾಕ್ಕೊಂಡು ಅಂಥ ಕೇಂದ್ರದ ಬಾಗಿಲು ತಟ್ಟೋದನ್ನ ನನಗಂತೂ ಊಹಿಸೋಕೆ ಆಗಲ್ಲ. ಅದು ತನಗೂ ಇರೋದು ಅಂತ ಅವನಿಗೇ ಅನ್ನಿಸಿರಲ್ಲ.

ನಮ್ಮ ಭಾಷೆಯಲ್ಲೇ ಹೇಳೋದಾದ್ರೆ, ಸೆನ್ಸರ್ ತಪ್ಪು ಜಾಗದಲ್ಲಿ ಇದೆ. ಕೆರೆ ಕೋಡಿ ಬಿದ್ದ ಮೇಲೆ ಹರಿದ ನೀರನ್ನ ಅಳೀತಾ ಇದೀವಿ. ಮೇಲೆ ಎಲ್ಲಿ ತುಂಬ್ತಾ ಇದೆ ಅಂತ ನೋಡಬೇಕಿತ್ತು.

ಹಾಗೆ ಮೇಲೆ ಹೋಗಿ ನೋಡಿದ ಒಂದು ಊರಿದೆ. ಆಸ್ಟ್ರೇಲಿಯಾದ ಗೀಲಾಂಗ್. ಮೆಲ್ಬರ್ನ್‌ನಿಂದ ಸುಮಾರು 75 ಕಿಲೋಮೀಟರ್, ಜನಸಂಖ್ಯೆ ಎರಡೂವರೆ ಲಕ್ಷದ ಮೇಲೆ. ಬೆಂಗಳೂರಿಗೆ ತುಮಕೂರು ಹೇಗೋ ಮೆಲ್ಬರ್ನ್‌ಗೆ ಅದು ಹಾಗೆ ಅಂತ ಇಟ್ಕೊಳ್ಳಿ. ಅಲ್ಲಿ ಡೇವಿಡ್ ಮೆಕೆಂಜಿ ಅನ್ನೋ ಸಂಶೋಧಕರು ಮತ್ತು ಸ್ಥಳೀಯ ಯುವಜನ ಸೇವಾ ಸಂಸ್ಥೆಯವರು ಸೇರಿ ಒಂದು ಕೆಲಸ ಮಾಡಿದ್ರು. ಮನೆ ಕಳ್ಕೊಂಡ ಮಕ್ಕಳು ಬರಲಿ ಅಂತ ಕಾಯೋ ಬದಲು ಶಾಲೆಗೇ ಹೋಗಿ ಎಲ್ಲಾ ಮಕ್ಕಳಿಗೂ ಒಂದು ಸರ್ವೆ ಕೊಟ್ರು. ಎಲ್ಲರಿಗೂ. ಇದು ಮುಖ್ಯ, ಯಾಕಂದ್ರೆ 'ಕಷ್ಟದಲ್ಲಿರೋರು ಮಾತ್ರ ತಗೊಳ್ಳಿ' ಅಂದ್ರೆ ಯಾರೂ ಕೈ ಎತ್ತಲ್ಲ. ಸರ್ವೆಯಲ್ಲಿ ಮನಸ್ಸಿನ ಸ್ಥಿತಿ ಹೇಗಿದೆ, ಓದಿನಲ್ಲಿ ಆಸಕ್ತಿ ಇದೆಯಾ ಅನ್ನೋದರ ಜೊತೆಗೆ ಮನೆಯ ಬಗ್ಗೆಯೂ ಪ್ರಶ್ನೆಗಳಿದ್ವು. ಉತ್ತರಗಳನ್ನ ಶಾಲೆಯ ಶಿಕ್ಷಕರಿಗೆ ಗೊತ್ತಿರೋ ವಿಷಯದ ಜೊತೆ ಇಟ್ಟು ನೋಡಿ, ಅಪಾಯ ಇದೆ ಅನ್ನಿಸಿದ ಮಕ್ಕಳ ಜೊತೆ ಒಬ್ಬ ಕಾರ್ಯಕರ್ತ ಕೂತು ಮಾತಾಡ್ತಿದ್ದ. ಆಮೇಲೆ ಅಗತ್ಯಕ್ಕೆ ತಕ್ಕ ಹಾಗೆ ಸಹಾಯ. ಕೆಲವರಿಗೆ ಆಗಾಗ ವಿಚಾರಿಸಿಕೊಂಡರೆ ಸಾಕು, ಕೆಲವರ ಮನೆಗೆ ಹೋಗಿ ಅಪ್ಪ-ಅಮ್ಮನ ಜೊತೆ ತಿಂಗಳುಗಟ್ಟಲೆ ಕೆಲಸ ಮಾಡಬೇಕು.

ಫಲಿತಾಂಶ: 2013ರಿಂದ 2016ರ ಮಧ್ಯೆ ಆ ಭಾಗದಲ್ಲಿ ಮನೆ ಇಲ್ಲದೆ ಸೇವಾ ಕೇಂದ್ರಗಳಿಗೆ ಬರೋ ಹದಿಹರೆಯದವರ ಸಂಖ್ಯೆ ಶೇ 40 ಕಮ್ಮಿ ಆಯ್ತು. ಪ್ರಯೋಗ ನಡೆದ ಮೂರು ಶಾಲೆಗಳಲ್ಲಿ ಅರ್ಧಕ್ಕೆ ಓದು ಬಿಡೋರು ಶೇ 20 ಕಮ್ಮಿಯಾದ್ರು. 2016ರ ಅಕ್ಟೋಬರ್‌ನಲ್ಲಿ ಅದೇ ಊರಿನ ಫೋರ್ಡ್ ಕಾರ್ಖಾನೆ ಮುಚ್ಚಿತು, ಅಂದ್ರೆ ಊರಿಗೆ ಒಳ್ಳೆ ಕಾಲ ಬಂದಿದ್ದರಿಂದ ಇಳೀತು ಅನ್ನೋಕೂ ಆಗಲ್ಲ. ಹಾಗಂತ ಇದು ಲ್ಯಾಬಿನ ಪ್ರಯೋಗದ ಥರ ಪಕ್ಕಾ ಅಲ್ಲ, ಚೀಟಿ ಎತ್ತಿ ಎರಡು ಗುಂಪು ಮಾಡಿ ಹೋಲಿಸಿದ್ದಲ್ಲ, ಮೊದಲು ಮತ್ತು ಆಮೇಲೆ ಅನ್ನೋ ಹೋಲಿಕೆ. ಆದರೂ 40 ಸಣ್ಣ ಸಂಖ್ಯೆ ಅಲ್ಲ. ಇದನ್ನ ನೋಡಿ ಕೆನಡಾ, ವೇಲ್ಸ್‌ನಲ್ಲೂ ಶುರು ಮಾಡಿದ್ರು.

ಈಗ ನಮ್ಮ ಕ್ಯಾಂಪಸ್‌ಗೆ ಬನ್ನಿ. ವೆಲ್‌ಬೀಯಿಂಗ್ ಅನ್ನೋ ಪದ ನಮಗೆ ಹೊಸದಲ್ಲ. ಮೊದಲ ವರ್ಷದ ಇಂಡಕ್ಷನ್‌ನಲ್ಲೇ ಒಬ್ಬರು ಬಂದು ಸ್ಟ್ರೆಸ್ ಮ್ಯಾನೇಜ್‌ಮೆಂಟ್ ಪಿಪಿಟಿ ತೋರಿಸ್ತಾರೆ, ಒಂದು ಗೂಗಲ್ ಫಾರ್ಮ್ ಕಳಿಸ್ತಾರೆ. ಡಬ್ಲ್ಯುಎಚ್‌ಒ-5 ಅಂತ ಒಂದು ಅಳತೆಗೋಲು ಇದೆ, ಜಗತ್ತಿನಲ್ಲೆಲ್ಲ ಬಳಸ್ತಾರೆ. ಐದೇ ಪ್ರಶ್ನೆ, ಕಳೆದ ಎರಡು ವಾರದ ಬಗ್ಗೆ. ಖುಷಿಯಾಗಿದ್ದೆಯಾ, ನಿರಾಳವಾಗಿದ್ದೆಯಾ, ಹುರುಪಿತ್ತಾ, ಬೆಳಿಗ್ಗೆ ಎದ್ದಾಗ ಚೆನ್ನಾಗಿ ನಿದ್ದೆ ಆದ ಹಾಗೆ ಅನ್ನಿಸ್ತಾ, ದಿನದಲ್ಲಿ ಇಷ್ಟವಾಗೋ ಕೆಲಸ ಇತ್ತಾ. ಒಟ್ಟು 25 ಅಂಕ. ಒಳ್ಳೆ ಅಳತೆಗೋಲೇ. ಆದ್ರೆ ನಾಲ್ಕನೇ ಪ್ರಶ್ನೆ ನೋಡಿ. ಬಸ್ ಸ್ಟ್ಯಾಂಡ್ ಬೆಂಚಿನ ಮೇಲೆ ಮಲಗಿದವನು ಅಲ್ಲಿ ಸೊನ್ನೆ ಹಾಕ್ತಾನೆ. ಆ ಸೊನ್ನೆ ನೋಡಿ ನಾವು ಹೇಳೋದು "ಪಾಪ, ಸ್ಟ್ರೆಸ್ಸು. ಶನಿವಾರ ಯೋಗ ಸೆಷನ್ ಇದೆ, ಬಾ". ರಾತ್ರಿ ರೀಲ್ಸ್ ನೋಡಿ ನಿದ್ದೆಗೆಟ್ಟವನಿಗೂ ಸೊನ್ನೆ, ಮಂಚ ಇಲ್ಲದವನಿಗೂ ಸೊನ್ನೆ, ಇಬ್ಬರಿಗೂ ಒಂದೇ ಔಷಧಿ.

ನಾವು ಕನ್ನಡದವರು ಸಿಕ್ಕಿದ ತಕ್ಷಣ "ಊಟ ಆಯ್ತಾ?" ಅಂತ ಕೇಳ್ತೀವಿ. ನನ್ನ ಬೆಂಗಾಲಿ ರೂಮ್‌ಮೇಟ್‌ಗೆ ಇದು ಮೊದಲು ವಿಚಿತ್ರ ಅನ್ನಿಸಿತ್ತು, ಈಗ ಅವನೇ ಎಲ್ಲರನ್ನೂ ಕೇಳ್ತಾನೆ. ಆದ್ರೆ "ರಾತ್ರಿ ಎಲ್ಲಿ ಮಲಗ್ತೀಯ?" ಅಂತ ಕೇಳೋ ಅಭ್ಯಾಸ ನಮಗಿಲ್ಲ. ಕೇಳಿದ್ರೆ ಅವಮಾನ ಮಾಡಿದ ಹಾಗೆ.

ಇದು ನಮ್ಮ ನೆಲಕ್ಕೆ ಗೊತ್ತಿಲ್ಲದ ವಿಷಯ ಅಂತ ಮಾತ್ರ ಹೇಳ್ಬೇಡಿ. ತುಮಕೂರಿನವರಿಗೆ ತ್ರಿವಿಧ ದಾಸೋಹ ಅಂದ್ರೆ ಏನು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ: ಅನ್ನ, ಅಕ್ಷರ, ಆಶ್ರಯ. 2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿ ತೀರಿಕೊಂಡಾಗ ನಾನು ಸ್ಕೂಲಲ್ಲಿದ್ದೆ, ರಜೆ ಸಿಕ್ಕಿತು ಅಷ್ಟೇ ನೆನಪು. ಈಗ ಯೋಚಿಸಿದ್ರೆ, ಇಂಗ್ಲಿಷ್‌ನಲ್ಲಿ ಜನ 'ಯುವಜನರ ಒಟ್ಟಾರೆ ಯೋಗಕ್ಷೇಮ' ಅಂತ ಪೇಪರ್ ಬರೆಯೋ ಎಷ್ಟೋ ಮುಂಚೆ ಸಿದ್ಧಗಂಗೆಯಲ್ಲಿ ಅದನ್ನ ಮೂರು ಪದದಲ್ಲಿ ಹೇಳಿ, ಮಾಡಿ ತೋರಿಸ್ತಿದ್ರು. ಇವತ್ತಿಗೂ ಅಲ್ಲಿ ಹತ್ತು ಸಾವಿರದಷ್ಟು ಮಕ್ಕಳು ಇದ್ದು ಓದ್ತಾರೆ. ಆ ಮೂರರಲ್ಲಿ ಅಕ್ಷರ ಕೊಡೋ ಕಾಲೇಜುಗಳು ಈಗ ಬೇಕಾದಷ್ಟಿವೆ, ಕ್ಯಾಂಟೀನಲ್ಲಿ ಅನ್ನವೂ ಸಿಗುತ್ತೆ. ಮೂರನೆಯದನ್ನ ನಾವು ಪಿಜಿ ಮಾರ್ಕೆಟ್ಟಿಗೆ ಬಿಟ್ಟುಬಿಟ್ಟಿದೀವಿ.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. ಹಿಂದುಳಿದ ವರ್ಗದ, ಸಮಾಜ ಕಲ್ಯಾಣದ ಹಾಸ್ಟೆಲ್‌ಗಳಿವೆ. ಹಾಸ್ಟೆಲ್ ಸೀಟ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಇದೆ, ಶುರುವಾದಾಗ ತಿಂಗಳಿಗೆ 1500 ರೂಪಾಯಿಯಂತೆ ಹತ್ತು ತಿಂಗಳು. ಆದ್ರೆ ಇದಕ್ಕೆಲ್ಲ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ಆದಾಯ ಯಾರದು? ಕುಟುಂಬದ್ದು. ಕಾಗದ ಪತ್ರ ಎಲ್ಲಿವೆ? ಯಾವ ಮನೆಯಿಂದ ಎದ್ದು ಬಂದಿದಾನೋ ಆ ಮನೆಯ ಬೀರುವಿನಲ್ಲಿ. ನನ್ನ ಸ್ನೇಹಿತ ಒಂದು ಸಲ ಹೇಳಿದ್ದ, "ಮಾರ್ಕ್ಸ್ ಕಾರ್ಡ್ ತರೋಕಾದ್ರೂ ಹೋಗ್ಬೇಕು, ಅಪ್ಪ ಹೊಲಕ್ಕೆ ಹೋದಾಗ." ಹೋದನಾ ಇಲ್ವಾ ನಾನು ಕೇಳಲಿಲ್ಲ.

ವಯಸ್ಸಿನದು ಇನ್ನೊಂದು ತಮಾಷೆ. ಹದಿನೆಂಟರ ಒಳಗಿದ್ರೆ 1098ಕ್ಕೆ ಫೋನ್ ಮಾಡಬಹುದು. ಸರ್ಕಾರದ ಬಾಲಮಂದಿರದಲ್ಲಿ ಬೆಳೆದವರಿಗೆ ಹದಿನೆಂಟಾದ ಮೇಲೂ 21ರವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ ಅನುಪಾಲನೆ ಅಂತ ಕಾನೂನಿನಲ್ಲೇ ಇದೆ. ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4000 ರೂಪಾಯಿ ಅಂತಲೂ ಇದೆ. ಅದು ಸಿಗೋದು ಎಷ್ಟು ಕಷ್ಟ ಅನ್ನೋದು ಬೇರೆ ಕಥೆ, ಆದ್ರೆ ಕಾಗದದ ಮೇಲಾದ್ರೂ ಇದೆ. ಹತ್ತೊಂಬತ್ತಕ್ಕೆ, ಅಪ್ಪ-ಅಮ್ಮ ಇದ್ದೂ ಮನೆಗೆ ಹೋಗೋಕೆ ಆಗದವನು? ಅವನು ಅನಾಥನೂ ಅಲ್ಲ, ಮಗುವೂ ಅಲ್ಲ, ಫುಟ್‌ಪಾತ್‌ನವನೂ ಅಲ್ಲ. ಯಾವ ಕಾಲಮ್ಮಿನಲ್ಲೂ ಕೂರಲ್ಲ. ಡೇ ಸ್ಕಾಲರ್.

ಈ ಲೇಖನದ ಮೊದಲ ಡ್ರಾಫ್ಟ್ ಓದಿದ ನಮ್ಮ ಸಂಘದ ಸೀನಿಯರ್ ಅಕ್ಕ ಒಬ್ಬರು ಒಂದು ಪ್ರಶ್ನೆ ಕೇಳಿದ್ರು: "ಹೀಗೆಲ್ಲ ಮಾಡಿದ್ರೆ ಮನೆ ಬಿಟ್ಟು ಬರೋಕೆ ಕುಮ್ಮಕ್ಕು ಕೊಟ್ಟ ಹಾಗಾಗಲ್ವಾ? ಅಪ್ಪನ ಜೊತೆ ಜಗಳ ಆಡದವರು ಯಾರಿದಾರೆ?" ಸರಿಯಾದ ಪ್ರಶ್ನೆ. ನಾನೂ ಬೈಕ್ ವಿಷಯಕ್ಕೆ ಎರಡು ದಿನ ಊಟ ಬಿಟ್ಟವನೇ. ಎಂಎಲ್ ಕೋರ್ಸ್ ಮಾಡಿದವರಿಗೆ ಗೊತ್ತು, ಬರೀ ಒಂದು ಫಾರ್ಮ್ ನೋಡಿ ತೀರ್ಮಾನ ಮಾಡಿದ್ರೆ ಫಾಲ್ಸ್ ಪಾಸಿಟಿವ್‌ಗಳೇ ತುಂಬಿಕೊಳ್ತವೆ. ಅದಕ್ಕೇ ಗೀಲಾಂಗ್‌ನವರು ಸರ್ವೆ ಆದ ಮೇಲೆ ಎದುರು ಕೂತು ಮಾತಾಡೋದು. ಅವರ ಕೆಲಸದಲ್ಲಿ ಹೆಚ್ಚಿನ ಪಾಲು ಮಕ್ಕಳನ್ನ ಮನೆಯಿಂದ ಆಚೆ ತರೋದಲ್ಲ, ಮನೆಯಲ್ಲೇ ಇರೋ ಹಾಗೆ ಮಾಡೋದು. ಮೊದಲನೇ ವಾರದಲ್ಲೇ ಯಾರಾದ್ರೂ ದೊಡ್ಡವರು ಮಧ್ಯೆ ಕೂತು ಮಾತಾಡಿದ್ದಿದ್ರೆ ನನ್ನ ಸ್ನೇಹಿತ ವಾಪಸ್ ಹೋಗ್ತಿದ್ದ ಅಂತಲೇ ನನಗನ್ನಿಸುತ್ತೆ. ಎರಡು ತಿಂಗಳು ಕಳೆದ ಮೇಲೆ ಎರಡೂ ಕಡೆ ಮನಸ್ಸು ಕಲ್ಲಾಗಿರುತ್ತೆ. ಕೆನಡಾದಲ್ಲಿ 2016ರಲ್ಲಿ 47 ಊರುಗಳ 1,103 ಮನೆ ಇಲ್ಲದ ಯುವಜನರನ್ನ ಮಾತಾಡಿಸಿದಾಗ ಶೇ 40ರಷ್ಟು ಜನ ಮೊದಲ ಸಲ ಮನೆ ಕಳ್ಕೊಂಡಿದ್ದು 16 ತುಂಬೋ ಮೊದಲೇ. ಶೇ 76ರಷ್ಟು ಜನಕ್ಕೆ ಒಂದಕ್ಕಿಂತ ಹೆಚ್ಚು ಸಲ ಆಗಿತ್ತು. ಮೊದಲ ಸಲ ಹೋದಾಗ ಯಾರೂ ಹಿಡಿದುಕೊಳ್ಳಲಿಲ್ಲ ಅಂದ್ರೆ ಅದು ಅಭ್ಯಾಸವಾಗಿಬಿಡುತ್ತೆ.

ನನಗೆ ಇದಕ್ಕಿಂತ ದೊಡ್ಡ ಭಯ ಬೇರೆ ಇದೆ. ನಮ್ಮಲ್ಲಿ ಇಂಥ ಫಾರ್ಮ್ ತುಂಬಿದ ಮರುದಿನ ಏನಾಗುತ್ತೆ? ಮೆಂಟರ್ ಮನೆಗೆ ಫೋನ್ ಮಾಡ್ತಾರೆ. ಒಳ್ಳೆ ಮನಸ್ಸಿಂದಲೇ ಮಾಡ್ತಾರೆ. ಆದ್ರೆ ಹೊಡೆತಕ್ಕೆ ಹೆದರಿ ಬಂದವನಿಗೆ, ಬಲವಂತದ ಮದುವೆ ಬೇಡ ಅಂತ ಬಂದವಳಿಗೆ ಆ ಒಂದು ಫೋನ್ ಕಾಲೇ ಸಾಕು. ಹುಡುಗ-ಹುಡುಗಿ ಒಪ್ಪದೆ ಮನೆಗೆ ಸುದ್ದಿ ಹೋಗಲ್ಲ ಅನ್ನೋ ಭರವಸೆ ಇಲ್ಲದಿದ್ರೆ ಯಾರೂ ನಿಜ ಬರೆಯಲ್ಲ. ನಿಜ ಬರೆಯದ ಸರ್ವೆ ನ್ಯಾಕ್ ಫೈಲಿಗೆ ಸರಿ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನೂರು ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರೋ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಕೌನ್ಸೆಲರ್ ಇರಬೇಕು ಅಂತ ಹೇಳಿದೆ. ಒಳ್ಳೇದು. ಆದ್ರೆ ಕೌನ್ಸೆಲರ್ ಹತ್ರ ಮಾತು ಮಾತ್ರ ಇದ್ದು ಮಂಚ ಇಲ್ಲದಿದ್ರೆ ಏನು ಮಾಡೋದು? ಸಂಜೆ ಐದಕ್ಕೆ ಸೆಷನ್ ಮುಗಿಯುತ್ತೆ, ಆಮೇಲೆ ಅವನು ಎಲ್ಲಿಗೆ ಹೋಗಬೇಕು? ಪ್ರತಿ ಹಾಸ್ಟೆಲ್‌ನಲ್ಲಿ, ಹುಡುಗರದರಲ್ಲೂ ಹುಡುಗಿಯರದರಲ್ಲೂ, ಎರಡು ಮಂಚ ಖಾಲಿ ಇಟ್ಟುಕೊಳ್ಳಲಿ ಅನ್ನೋದು ನನ್ನ ಬೇಡಿಕೆ. ಒಂದು ತಿಂಗಳವರೆಗೆ, ಪೋಷಕರ ಸಹಿ ಕೇಳದೆ, ಕೌನ್ಸೆಲರ್ ಸಹಿಯ ಮೇಲೆ ಕೊಡಲಿ. ಗೆಸ್ಟ್ ಫ್ಯಾಕಲ್ಟಿ ಬಂದ್ರೆ ರೂಮ್ ಸಿಗುತ್ತೆ, ಫೆಸ್ಟ್‌ಗೆ ಬೇರೆ ಕಾಲೇಜಿನ ಟೀಮ್ ಬಂದ್ರೆ ಸಿಗುತ್ತೆ. ಜಾಗ ಇಲ್ಲ ಅನ್ನೋದನ್ನ ನಾನು ಒಪ್ಪಲ್ಲ.

ಹಾಗೇ ಜಿಲ್ಲಾ ಕ್ರೀಡಾಂಗಣಗಳಲ್ಲಿ ಯುವ ಸ್ಪಂದನ ಕೇಂದ್ರ ಅಂತ ಇದೆ. ರಾಜ್ಯದ ಯುವ ಸಬಲೀಕರಣ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ನಡೆಸೋದು. ಯುವಜನರ ಮಾನಸಿಕ ಆರೋಗ್ಯದ ಬಗ್ಗೆ ಸಂಶೋಧನೆ ಮಾಡೋ ಸಂಸ್ಥೆಯೇ ಅದರ ಹಿಂದೆ ಇದೆ. ನಾವು ಮಹಾತ್ಮ ಗಾಂಧಿ ಕ್ರೀಡಾಂಗಣಕ್ಕೆ ರನ್ನಿಂಗಿಗೆ, ಮ್ಯಾಚಿಗೆ ಅಂತ ಎಷ್ಟು ಸಲ ಹೋಗಿದೀವಿ. ನನ್ನ ಕ್ಲಾಸಲ್ಲಿ ಕೇಳಿದೆ, ಯುವ ಸ್ಪಂದನ ಅನ್ನೋ ಹೆಸರು ಗೊತ್ತಿದ್ದದ್ದು ಇಬ್ಬರಿಗೆ. ಗೀಲಾಂಗ್‌ನಲ್ಲಿ ಶಾಲೆಗೂ ಯುವಜನ ಸಂಸ್ಥೆಗೂ ಮಧ್ಯೆ ಇದ್ದ ಆ ಕೊಂಡಿ ನಮ್ಮಲ್ಲಿ ಇಲ್ಲಿಂದಲೇ ಶುರುವಾಗಬಹುದು. ಎಐಸಿಟಿಇ ಆಕ್ಟಿವಿಟಿ ಪಾಯಿಂಟ್ಸ್ ನೂರು ಮಾಡೋಕೆ ಗಿಡ ನೆಟ್ಟು ಫೋಟೋ ತೆಗೆಸ್ಕೋತೀವಲ್ಲ (ಆ ಗಿಡಗಳಿಗೆ ನೀರು ಹಾಕಿದವರಿದ್ರೆ ಕೈ ಎತ್ತಿ), ಅದರಲ್ಲಿ ಹತ್ತು ಪಾಯಿಂಟು ಗುಬ್ಬಿ, ಕುಣಿಗಲ್‌ನ ಪಿಯು ಕಾಲೇಜುಗಳಲ್ಲಿ ಈ ಸರ್ವೆ ನಡೆಸೋಕೆ ಸಹಾಯ ಮಾಡಿದವರಿಗೆ ಕೊಡಲಿ. ಮನೆ ಬಿಡೋ ಯೋಚನೆ ಹುಟ್ಟೋದು ಅಲ್ಲಿ, ನಮ್ಮ ಹತ್ರ ಬರೋ ಹೊತ್ತಿಗೆ ಬ್ಯಾಗ್ ಪ್ಯಾಕ್ ಆಗಿರುತ್ತೆ.

ಮೆಂಟರ್ ಫಾರ್ಮ್‌ಗೆ ಸೇರಿಸೋಕೆ ನಾವು ಕನ್ನಡ ಸಂಘದಿಂದ ಮೂರು ಪ್ರಶ್ನೆ ಬರೆದಿದೀವಿ. ಈಗ ಇರೋ ಜಾಗದಲ್ಲಿ ಮುಂದಿನ ಒಂದು ತಿಂಗಳು ಇರಬಹುದು ಅಂತ ನಿಮಗೆ ನಂಬಿಕೆ ಇದೆಯಾ? ಕಳೆದ ಒಂದು ತಿಂಗಳಲ್ಲಿ ಬೇರೆ ದಾರಿ ಇಲ್ಲದೆ ಯಾರ ರೂಮಿನಲ್ಲಾದ್ರೂ ಮಲಗಿದ್ದೀರಾ? ಮನೆಗೆ ಹೋಗೋಕೆ ನಿಮಗೆ ಭಯ ಆಗುತ್ತಾ? ಇಂಗ್ಲಿಷಲ್ಲಿ ಬರೆಯೋದು ಸುಲಭ ಇತ್ತು, ನಾನು ಓದಿದ್ದೂ ಇಂಗ್ಲಿಷ್ ಮೀಡಿಯಂ. ಆದ್ರೆ ಕನ್ನಡದಲ್ಲಿ ಬರೆದು ಗಟ್ಟಿಯಾಗಿ ಓದಿದಾಗ ಮೂರನೇದು ನನಗೇ ಗಂಟಲಲ್ಲಿ ಸಿಕ್ಕಿಹಾಕಿಕೊಳ್ತು. ಈ ಪ್ರಶ್ನೆಗಳನ್ನ ಫೋನ್‌ನಲ್ಲಿ ಅವನಿಗೂ ಕಳಿಸಿದ್ದೆ. ಶಿಫ್ಟ್ ಮುಗಿಸಿ ರಾತ್ರಿ ಒಂದೂವರೆಗೆ ಉತ್ತರ ಬಂತು: "ಎರಡನೇದರಲ್ಲಿ 'ಎಷ್ಟು ರಾತ್ರಿ' ಅಂತಾನೂ ಕೇಳು. ಒಂದು ರಾತ್ರಿಗೂ ಹತ್ತೊಂಬತ್ತಕ್ಕೂ ವ್ಯತ್ಯಾಸ ಇದೆ."

ಅವನು ಎಣಿಸಿಕೊಂಡಿದ್ದ. ನಮ್ಮ ರೂಮಲ್ಲಿ ಅವನು ಇದ್ದದ್ದು ಹತ್ತೊಂಬತ್ತು ರಾತ್ರಿ. ಪ್ರಶ್ನೆ ತಿದ್ದಿದೀವಿ, ಪ್ರಿಂಟ್ ಈ ವಾರ ಸ್ಟೂಡೆಂಟ್ ವೆಲ್‌ಫೇರ್ ಆಫೀಸಿಗೆ ಕೊಡ್ತೀವಿ. ಸಹಿ ಹಾಕೋರು ಮಧ್ಯಾಹ್ನ ಲಂಚ್ ಬ್ರೇಕಲ್ಲಿ ಸಂಘದ ರೂಮಿಗೆ ಬನ್ನಿ.